ಹಿರಿಯ ಪೈಲಟ್‌ಗೊಂದು ಆಸನ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಮುಂದೆ ಅದನ್ನು ನೆವಿಲ್ ವಿಂಟ್‌ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ನಕ್ಷೆಯಲ್ಲಿ ಮುಂಬೈ ಮತ್ತು ಬಳ್ಳಾರಿಯ ನಡುವೆ ನೇರ ಗೆರೆ ಎಳೆದರೆ ಅದು ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯನ್ನು ದಾಟಿಯೇ ಹೋಗುತ್ತದೆ. ಸರಿಯಾಗಿ ಐವತ್ತು ವರ್ಷಗಳ ನಂತರ, 1982ರ ಅದೇ ದಿನ, 78 ವರ್ಷದ ಟಾಟಾ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿ-ಮುಂಬೈ ಹಾದಿಯನ್ನು ಮತ್ತೊಮ್ಮೆ ಕ್ರಮಿಸಿದರು. 2007ರಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದ ವೇಳೆ 69 ವರ್ಷದ ರತನ್ ಟಾಟಾ ಎಫ್-16 ಯುದ್ಧವಿಮಾನದಲ್ಲಿ ಹಾರಿದರು.

ದೊಡ್ಡ ಹೆಸರಿನವರಿಗೆ ಇಳಿವಯಸ್ಸಿನಲ್ಲೂ ಆಸನ ಸಿಗುತ್ತದೆ, ಅದರ ಬಗ್ಗೆ ಆಕ್ಷೇಪವಿಲ್ಲ. ಪ್ರಶ್ನೆ ಇರುವುದು ಹೆಸರಿಲ್ಲದವರದು. 1963ರಲ್ಲಿ ವಿಜಾಪುರದಲ್ಲಿ ಆರಂಭವಾದ ಸೈನಿಕ ಶಾಲೆಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಂಥ ಬರದ ಸೀಮೆಯ ಹುಡುಗರಿಗೂ ಸೇನಾ ಅಧಿಕಾರಿಗಳಾಗುವ ದಾರಿ ತೆರೆಯಿತು. ಅದರ ಮೊದಲ ತಂಡಗಳವರು ಈಗ ಎಪ್ಪತ್ತು ದಾಟಿದ್ದಾರೆ. ಆ ಕಾಲದಲ್ಲಿ ವಾಯುಪಡೆಗೆ ಸೇರಿದ ತರುಣರು ಹಾರಾಟದ ಅಕ್ಷರಾಭ್ಯಾಸ ಮಾಡುತ್ತಿದ್ದುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನದಲ್ಲಿ. ಆ ವಿಮಾನವೂ ಈಗ ನಿವೃತ್ತ.

ನಮ್ಮಲ್ಲಿ ವಾಣಿಜ್ಯ ವಿಮಾನ ನಡೆಸಲು ವಯೋಮಿತಿ 65. ವೈದ್ಯಕೀಯ ಪ್ರಮಾಣಪತ್ರ ತಪ್ಪಿದರೆ ಖಾಸಗಿ ಪರವಾನಗಿಯೂ ನಿರುಪಯುಕ್ತ. ನೂರಾರು ಜೀವಗಳ ಹೊಣೆ ಹೊತ್ತವರು ಒಂದು ದಿನ ಬೆಳಗಾಗುವುದರೊಳಗೆ ಬರಿಯ ಪ್ರಯಾಣಿಕರಾಗುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ನಿಯಮ ತಡೆಯುವುದು ವಿಮಾನದ ಹೊಣೆ ಹೊರುವುದನ್ನು ಮಾತ್ರ, ಹೊಣೆ ಹೊತ್ತ ಪೈಲಟ್‌ನ ಪಕ್ಕದಲ್ಲಿ ಕೂರುವುದನ್ನಲ್ಲ.

ಅಮೆರಿಕದಲ್ಲಿ 2011ರಲ್ಲಿ ಸ್ಥಾಪನೆಯಾದ ಸ್ವಯಂಸೇವಾ ಸಂಸ್ಥೆಯೊಂದು ಹಿರಿಯ ಯೋಧರನ್ನು ಹಳೆಯ ಸ್ಟಿಯರ್‌ಮನ್ ವಿಮಾನಗಳಲ್ಲಿ ಉಚಿತವಾಗಿ ಹಾರಿಸುತ್ತ ಬಂದಿದೆ. ನಮಗೂ ಇದು ನಿಲುಕದ ಮಾತಲ್ಲ. ಕಲಬುರಗಿಯ ವಿಮಾನ ನಿಲ್ದಾಣ 2019ರಲ್ಲಿ ತೆರೆಯಿತು. ಹಾರಾಟ ತರಬೇತಿ ಶಾಲೆಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಆಯ್ದ ತಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವಿಮಾನದ ಖರೀದಿ, ಅದರ ತಂಗುದಾಣದ ಬಾಡಿಗೆ, ಸಿಬ್ಬಂದಿಯ ಸಂಬಳ ಹೇಗೂ ತಪ್ಪದ ವೆಚ್ಚಗಳು. ವರ್ಷಕ್ಕೆ ನಾಲ್ಕಾರು ವಿಶೇಷ ಹಾರಾಟಗಳಿಗೆ ಹೆಚ್ಚುವರಿಯಾಗಿ ಬೀಳುವುದು ಇಂಧನ, ಪೈಲಟ್‌ನ ಸಮಯ, ಎಂಜಿನ್ನಿನ ಸವೆತ ಮತ್ತು ವಿಮೆ. ಹಳೆಯ ವಿದ್ಯಾರ್ಥಿಗಳು, ದಾನಿಗಳು ಕೂಡಿದರೆ ಇದು ಭಾರವಾಗದು. ಬೇಕಾಗಿರುವುದು ತರಬೇತಿ ವಿಮಾನದಲ್ಲಿ ಇಂಥ ಅತಿಥಿಯನ್ನು ಕರೆದೊಯ್ಯುವ ಬಗ್ಗೆ ವಿಮಾನಯಾನ ಮಹಾನಿರ್ದೇಶನಾಲಯದ ಸ್ಪಷ್ಟ ಆದೇಶ ಮತ್ತು ವೈದ್ಯರ ಸಮ್ಮತಿ.

ಕಲಬುರಗಿಯಿಂದ ಹೊರಟ ಪುಟ್ಟ ವಿಮಾನ ಭೀಮೆಯ ತಿರುವುಗಳನ್ನು, ಇಂಡಿಯ ನಿಂಬೆ ತೋಟಗಳನ್ನು, ಡೋಣಿ ಸಾಲಿನ ಎರೆನೆಲವನ್ನು, ಆಲಮಟ್ಟಿಯ ಹಿನ್ನೀರನ್ನು ಸುತ್ತಿ ಎರಡು ಗಂಟೆಯೊಳಗೆ ಮರಳಬಹುದು. ಆ ಹಿನ್ನೀರಿನಲ್ಲಿ ಊರುಗಳೇ ಮುಳುಗಿವೆ. ಅಂಥ ಊರಿನಲ್ಲಿ ಹುಟ್ಟಿ ಆಕಾಶಕ್ಕೇರಿದವರಿಗೆ ತಮ್ಮ ನೆಲವನ್ನು ಮೇಲಿನಿಂದ ಮತ್ತೊಮ್ಮೆ ನೋಡುವುದೆಂದರೆ ಏನೆಂಬುದನ್ನು ಯಾವ ವೆಚ್ಚಪಟ್ಟಿಯೂ ಲೆಕ್ಕ ಹಾಕಲಾರದು.

ಮಕ್ಕಳು ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿ, ವೃದ್ಧರು ಒಂಟಿಯಾಗಿ ಉಳಿದ ಮನೆಗಳು ಈ ತಾಲ್ಲೂಕುಗಳಲ್ಲಿ ಅಪರೂಪವಲ್ಲ. ಪಿಂಚಣಿ ಹೊಟ್ಟೆ ತುಂಬಿಸುತ್ತದೆ, ಆದರೆ ತಾನು ಯಾರಾಗಿದ್ದೆ ಎಂಬುದನ್ನು ನೆನಪಿಸುವವರು ಬೇಕಲ್ಲ! ಇಂಥ ಪ್ರಸ್ತಾವ ಕಡತವಾಗಿ ಬಂದಾಗ ನಮ್ಮ ಕಚೇರಿಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಪೂರ್ವನಿದರ್ಶನ ಇದೆಯೇ?’ ಎಂಬುದು. ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಇದನ್ನು ಬಲ್ಲೆ. 1982 ಮತ್ತು 2007ರ ಹಾರಾಟಗಳೇ ಉತ್ತರ. ವಿಜಯಪುರದ ಬಳಿ 2021ರಲ್ಲಿ ಅಡಿಗಲ್ಲು ಕಂಡ ವಿಮಾನ ನಿಲ್ದಾಣದಿಂದಲೂ ಇಂಥ ಹಾರಾಟ ನಡೆಯಬೇಕು. ಎಪ್ಪತ್ತು, ಎಂಬತ್ತು ದಾಟಿದವರ ವಿಷಯದಲ್ಲಿ ಕಡತವನ್ನು ‘ಮುಂದಿನ ವರ್ಷ ನೋಡೋಣ’ ಎಂದು ಕಟ್ಟಿಡುವುದೆಂದರೆ ಬಹಳ ಸಲ ಇಲ್ಲವೆಂದಂತೆಯೇ.