ಬೇಟೆಯ ಬಂದೂಕು: ತೂಕ ಮತ್ತು ಗುರಿ

ಬೆಳಗಾವಿಯಿಂದ ನೈಋತ್ಯಕ್ಕೆ ಚೋರ್ಲಾ ಘಾಟಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಜಾಂಬೋಟಿ ಸಿಕ್ಕುತ್ತದೆ. ಅಲ್ಲಿಂದ ಮುಂದೆ ಮಲಪ್ರಭೆಯ ಉಗಮವಾದ ಕಣಕುಂಬಿ. ಅದರಾಚೆಗೆ ಸಹ್ಯಾದ್ರಿಯ ಅಂಚು, ಕೆಳಗೆ ಗೋವೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳೊಡನೆ ವೀರಗಲ್ಲುಗಳನ್ನು ನೋಡುವುದಕ್ಕಾಗಿ ಈ ಭಾಗದಲ್ಲಿ ತಿರುಗುತ್ತಿದ್ದಾಗ, ಒಂದು ಮನೆಯ ಹಿರಿಯರು ತಮ್ಮ ಅಜ್ಜನ ಕಾಲದಿಂದ ಪರವಾನಿಗೆಯ ಮೇಲೆ ಇಟ್ಟುಕೊಂಡು ಬಂದಿದ್ದ ಬಾಯಿಮದ್ದಿನ ಬಂದೂಕೊಂದನ್ನು ತೋರಿಸಿದರು. ಅದನ್ನು ಎತ್ತಿ ಹಿಡಿದ ಒಬ್ಬ ವಿದ್ಯಾರ್ಥಿಯ ತೋಳು ಅರ್ಧ ನಿಮಿಷದಲ್ಲಿಯೇ ನಡುಗತೊಡಗಿತು. "ಸರ್, ಇಷ್ಟು ಭಾರ ಹೊತ್ತು ರಾಯಣ್ಣನ ಜನ ಈ ಕಾಡಿನಲ್ಲಿ ಹೇಗೆ ಓಡಾಡಿದರು? ಇದನ್ನು ಹಗುರ ಮಾಡುವುದು ಅವರಿಗೆ ತಿಳಿದಿರಲಿಲ್ಲವೇ?" ಎಂದು ಅವನು ಕೇಳಿದನು. ಪ್ರಶ್ನೆ ಸರಳವಾದುದು; ಆದರೆ ಉತ್ತರವು ನಮ್ಮ ಇತಿಹಾಸ ಗ್ರಂಥಗಳಲ್ಲಿ ಇಲ್ಲ. ಬಂದೂಕು ಎಂಬ ಪದವನ್ನು ನಾವು ಪುಟಪುಟಕ್ಕೂ ಬರೆಯುತ್ತೇವೆ. ಅದು ಎಷ್ಟು ತೂಗುತ್ತಿತ್ತು, ಎಷ್ಟು ದೂರ ನಂಬಿಗೆಯಿಂದ ಹೊಡೆಯುತ್ತಿತ್ತು ಎಂಬುದನ್ನು ಕೇಳುವುದಿಲ್ಲ.

ಮೊದಲು ಹಳೆಯ ಬಂದೂಕನ್ನೇ ನೋಡೋಣ. ಉರಿಯುವ ಬತ್ತಿಯಿಂದ ಹಾರಿಸುವ ತೋಡೇದಾರ ಬಂದೂಕು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಅಲ್ಲಿಯ ಆಯುಧಶಾಲೆಯಲ್ಲಿ ಸ್ಥಳೀಯ ಕುಶಲಕರ್ಮಿಗಳೇ ಬಂದೂಕುಗಳನ್ನು ಮಾಡುತ್ತಿದ್ದರು. ಘಟ್ಟದ ಮೇಲಿನ ನಾಡಿಗೆ ಗೋವೆ ದೂರವಲ್ಲವೆಂಬುದನ್ನು ಓದುಗರು ನೆನೆಯಬೇಕು. ಭಾರತೀಯ ತೋಡೇದಾರ ಬಂದೂಕಿನ ನಳಿಗೆ ಉದ್ದವಾದುದು, ಬುಡದಲ್ಲಿ ದಪ್ಪ, ಅದನ್ನು ಸಣಕಲಾದ ನೇರ ಮರದ ಹಿಡಿಗೆ ಚರ್ಮದ ಪಟ್ಟಿಗಳಿಂದಲೋ ಲೋಹದ ತಗಡಿನಿಂದಲೋ ಬಿಗಿಯುತ್ತಿದ್ದರು. ಆದುದರಿಂದ ಅದರ ತೂಕವೆಲ್ಲ ಮುಂದಕ್ಕೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಯ ತೋಳನ್ನು ಸೋಲಿಸಿದ್ದು ಒಟ್ಟು ತೂಕಕ್ಕಿಂತ ಹೆಚ್ಚಾಗಿ ಈ ಮುಂಭಾರವೇ.

ನಳಿಗೆ ದಪ್ಪವಾಗಿದ್ದುದು ಗುರಿಗಾಗಿ ಅಲ್ಲ, ಜೀವಕ್ಕಾಗಿ. ಕುಲುಮೆಯಲ್ಲಿ ಬೆಸೆದ ಮೆದುಕಬ್ಬಿಣದ ನಳಿಗೆಯ ಯಾವ ಬೆಸುಗೆ ಯಾವಾಗ ಬಿಡುವುದೆಂದು ಹೇಳಲಾಗದು. ಮದ್ದೂ ಒಂದೇ ಸಮನಾಗಿರುತ್ತಿರಲಿಲ್ಲ. ನಳಿಗೆ ಸಿಡಿದರೆ ಹಿಡಿದವನ ಕೈಯೇ ಹೋಗುತ್ತಿತ್ತು. ಆದ್ದರಿಂದ ಕಮ್ಮಾರನು ಲೋಹವನ್ನು ಧಾರಾಳವಾಗಿ ಬಳಸಿದನು. ಉದ್ದಕ್ಕೂ ಕಾರಣವಿದೆ: ಕರಿಮದ್ದು ನಿಧಾನವಾಗಿ ಉರಿಯುವಂಥದು, ಗುಂಡಿಗೆ ಪೂರ್ಣ ವೇಗ ಬರಬೇಕಾದರೆ ನಳಿಗೆ ಉದ್ದವಿರಬೇಕು. ಹೀಗೆ ಕಬ್ಬಿಣದ ಗುಣವೂ ಮದ್ದಿನ ಗುಣವೂ ಸೇರಿ ಬಂದೂಕಿನ ಭಾರವನ್ನು ನಿಶ್ಚಯಿಸಿದವು. ಹಗುರ ಮಾಡುವ ಇಚ್ಛೆ ಬೇಟೆಗಾರನಿಗೆ ಇದ್ದರೂ ದಾರಿ ಇರಲಿಲ್ಲ.

ಕಂಪನಿಯ ಸಿಪಾಯಿಯ ಸ್ಥಿತಿಯೂ ಬೇರೆಯಾಗಿರಲಿಲ್ಲ. 'ಬ್ರೌನ್ ಬೆಸ್' ಎಂದು ಹೆಸರಾದ ಚಕಮಕಿ ಬಂದೂಕಿನ ಭಾರತೀಯ ಮಾದರಿಗೆ 39 ಅಂಗುಲದ ನಳಿಗೆ, ಸುಮಾರು 4.4 ಕಿಲೋಗ್ರಾಂ ತೂಕ. ನಳಿಗೆಯ ಒಳಮೈ ನುಣುಪಾದುದು. ಬೇಗ ತುಂಬಲು ಅನುಕೂಲವಾಗಲೆಂದು ಗುಂಡನ್ನು ನಳಿಗೆಗಿಂತ ಚಿಕ್ಕದಾಗಿಯೇ ಎರಕ ಹೊಯ್ಯುತ್ತಿದ್ದರು. ಅದು ಒಳಗೆ ಅತ್ತಿತ್ತ ಬಡಿಯುತ್ತ ಹೋಗಿ, ಕೊನೆಯ ಬಡಿತ ಯಾವ ಕಡೆಗೋ ಆ ಕಡೆಗೆ ತಿರುಗುತ್ತ ಹೊರಬೀಳುತ್ತಿತ್ತು. ಎಂಬತ್ತು ನೂರು ಗಜಗಳಾಚೆ ಒಬ್ಬನೇ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ಇಂಗ್ಲಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರ ತನ್ನ ಗ್ರಂಥದಲ್ಲಿ ಗುಂಡಿನ ವೇಗವನ್ನು ಅಳೆಯುವ ಲೋಲಕವನ್ನು ವಿವರಿಸಿದನು; ಮುಂದೆ ಸುರುಳಿಗೀರಿನ ನಳಿಗೆ ಗುಂಡನ್ನು ಒಂದೇ ಅಕ್ಷದಲ್ಲಿ ತಿರುಗಿಸಿ ನೇರವಾಗಿ ಕಳಿಸುವುದೆಂಬುದನ್ನೂ ತೋರಿಸಿದನು. ಇದೇ ರೈಫಲಿನ ತತ್ತ್ವ. ಆದರೆ 1800ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ಬೇಕರ್ ರೈಫಲ್ ಕೂಡ ಕೆಲವೇ ತುಕಡಿಗಳ ಪಾಲಾಯಿತು. ಗೀರುಗಳಿಗೆ ಬಿಗಿಯಾಗಿ ಕೂರುವ ಗುಂಡನ್ನು ತುಂಬಲು ಬಹಳ ಹೊತ್ತು ಬೇಕಾಗುತ್ತಿತ್ತು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಗುಂಡೇಟಿಗೆ ಬಿದ್ದನು. ಆ ಗುಂಡು ಅಮಟೂರು ಬಾಳಪ್ಪನದೆಂದು ಪರಂಪರೆ ಹೇಳುತ್ತದೆ. ಲಾವಣಿಕಾರನ ಬಾಯಲ್ಲಿ ಇಂಥ ಹೊಡೆತಗಳು ಬಹಳ ದೂರದಿಂದ ಹಾರಿ ಬರುತ್ತವೆ. ಮೇಲೆ ಹೇಳಿದುದನ್ನು ಗಮನದಲ್ಲಿಟ್ಟರೆ, ಅದು ಸಮೀಪದ ಕಾಳಗದ ಹೊಡೆತವೇ ಆಗಿದ್ದಿರಬೇಕು. ಇದರಿಂದ ಬಾಳಪ್ಪನ ಧೈರ್ಯ ಕುಗ್ಗುವುದಿಲ್ಲ. ಹತ್ತಿರ ಹೋಗುವುದಕ್ಕೆ ಹೆಚ್ಚಿನ ಎದೆ ಬೇಕು. 1830ರಲ್ಲಿ ಸಂಗೊಳ್ಳಿ ರಾಯಣ್ಣನು ಬೀಡಿಯ ಕಚೇರಿಯನ್ನು ಸುಟ್ಟು ಖಾನಾಪುರದ ಕಾಡುಗಳನ್ನು ಆಶ್ರಯಿಸಿದಾಗಲೂ ಇದೇ ಲೆಕ್ಕ. ಜಾಂಬೋಟಿಯ ಸುತ್ತಣ ಅಡವಿಯಲ್ಲಿ ಎಷ್ಟೋ ಕಡೆ ಐವತ್ತು ಹೆಜ್ಜೆಯಾಚೆ ಕಣ್ಣು ಹಾಯುವುದಿಲ್ಲ. ಅಲ್ಲಿ ಕಂಪನಿಯ ಬಂದೂಕಿಗೂ ಊರ ಬಂದೂಕಿಗೂ ಅಂತರ ಉಳಿಯುವುದಿಲ್ಲ. ಬಯಲಿನಲ್ಲಿ ಸಾಲುಗಟ್ಟಿ ಹಾರಿಸುವ ಸಿಪಾಯಿಗೆ ಸಂಖ್ಯೆಯ ಬಲವಿತ್ತು. ಕಾಡಿನಲ್ಲಿ ಒಂದೇ ಈಡು ಹೊಡೆದು ಮರೆಯಾಗುವವನಿಗೆ ಕಾಡೇ ಬಲ. ಆದ್ದರಿಂದ ತೂಕವು ಅವನನ್ನು ದಣಿಸಿದರೂ ಕಟ್ಟಿಹಾಕಲಿಲ್ಲ. ಕೊನೆಗೆ ಆ ವರ್ಷದ ಏಪ್ರಿಲಿನಲ್ಲಿ ರಾಯಣ್ಣ ಸಿಕ್ಕಿದ್ದು ಬಂದೂಕಿನ ಕಾಳಗದಲ್ಲಲ್ಲ, ಹಳ್ಳದಲ್ಲಿ ಸ್ನಾನ ಮಾಡುವಾಗ ನಡೆದ ಮೋಸದಿಂದ ಎಂದು ಜನ ಇಂದಿಗೂ ಹೇಳುತ್ತಾರೆ. 1831ರ ಜನವರಿ 26ರಂದು ಅವನನ್ನು ಇದೇ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು.

ಹಗುರ ಬಂದೂಕಿನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಇದಾದ ಅರ್ಧ ಶತಮಾನದ ಮೇಲೆ. 1880ರ ದಶಕದಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಒಳ್ಳೆಯ ಉಕ್ಕೂ ಅದರ ಜೊತೆಗೆ ದೊರೆಯಿತು. ಮುಕ್ಕಾಲು ಅಂಗುಲದ ಸೀಸದ ಗುಂಡಿನ ಬದಲಾಗಿ ಏಳೆಂಟು ಮಿಲಿಮೀಟರಿನ ಉದ್ದನೆಯ ಗುಂಡು, ಹೆಚ್ಚಿನ ವೇಗ. ಇದಕ್ಕೆ ನಮ್ಮ ದೇಶದಲ್ಲಿ ಪ್ರಸಿದ್ಧ ನಿದರ್ಶನವೆಂದರೆ ಜಿಮ್ ಕಾರ್ಬೆಟ್ಟನ .275 ರಿಗ್ಬಿ ರೈಫಲ್. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಬಂದ ಕಾಣಿಕೆ ಅದು. ಬ್ರೌನ್ ಬೆಸ್‌ಗಿಂತ ಸುಮಾರು ಒಂದು ಕಿಲೋಗ್ರಾಂ ಕಡಿಮೆ ತೂಗುವ ಅಂಥ ರೈಫಲನ್ನು ಹಿಡಿದು ಇಡೀ ದಿನ ಗುಡ್ಡ ಹತ್ತಬಹುದಾಗಿತ್ತು.

ಆದರೆ ತೂಕವನ್ನು ಇನ್ನೂ ಇಳಿಸುತ್ತ ಹೋದರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರದ ನೆರವು ಬೇಕು. ಗುಂಡು ಮುಂದಕ್ಕೆ ಹೋದಷ್ಟೇ ಆವೇಗದಿಂದ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆವೇಗ ಅಷ್ಟೇ ಇದ್ದು ತೂಕ ಕಡಿಮೆಯಾದರೆ ಒದೆತದ ಶಕ್ತಿ ಅದಕ್ಕೆ ವಿಲೋಮವಾಗಿ ಏರುತ್ತದೆ: ನಾಲ್ಕು ಕಿಲೋಗ್ರಾಮಿನ ರೈಫಲನ್ನು ಮೂರಕ್ಕೆ ಇಳಿಸಿದರೆ ಒದೆತ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಎರಡು ಮೂರು ಸಲ ಹೆಗಲಿಗೆ ಪೆಟ್ಟು ತಿಂದವನು ನಾಲ್ಕನೆಯ ಸಲ ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ. ಗುರಿ ತಪ್ಪಿಸುವುದು ಬಂದೂಕಲ್ಲ, ಈ ಅಂಜಿಕೆ. ಅಲ್ಲದೆ ಹಗುರವಾದುದು ಏದುಸಿರಿಗೂ ನಾಡಿಯ ಬಡಿತಕ್ಕೂ ಅಲುಗುತ್ತದೆ. ಭಾರವಾದುದು ತನ್ನ ಜಡತ್ವದಿಂದ ಅವನ್ನು ನುಂಗಿಕೊಳ್ಳುತ್ತದೆ.

ಇನ್ನೊಂದು ತೊಡಕು ನಳಿಗೆಯದು. ಗುಂಡು ಹಾಯುವಾಗ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ. ಕಂಪನ ಪ್ರತಿಸಲವೂ ಒಂದೇ ರೀತಿಯದಾದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ದಂಡದ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ದಪ್ಪವನ್ನು ನೂರಕ್ಕೆ ಹತ್ತರಷ್ಟು ಕೆತ್ತಿದರೆ ಬಿಗುವು ನೂರಕ್ಕೆ ಮೂವತ್ತನಾಲ್ಕರಷ್ಟು ನಷ್ಟವಾಗುತ್ತದೆ, ಉಳಿಯುವ ತೂಕ ಮಾತ್ರ ನೂರಕ್ಕೆ ಹತ್ತೊಂಬತ್ತು. ನಳಿಗೆ ಟೊಳ್ಳಾದುದರಿಂದ ಲೆಕ್ಕ ತುಸು ಬದಲಾದರೂ ದಿಕ್ಕು ಇದೇ. ಉದ್ದವನ್ನು ಕಡಿಮೆ ಮಾಡಿದರೆ ಫಲ ಬೇರೆ: ಗಿಡ್ಡ ನಳಿಗೆ ಹೆಚ್ಚು ಬಿಗುವಾದುದು. ಆದ್ದರಿಂದ ತೆಳ್ಳಗೆ ಮಾಡುವುದಕ್ಕಿಂತ ಗಿಡ್ಡ ಮಾಡುವುದು ಲೇಸೆಂದು ಬಲ್ಲವರು ಹೇಳುತ್ತಾರೆ. ಬೆಲೆಯಾಗಿ ಗುಂಡಿನ ವೇಗ ಸ್ವಲ್ಪ ತಗ್ಗುತ್ತದೆ, ಸದ್ದೂ ಬೆಂಕಿಯ ಮಿಂಚೂ ಹೆಚ್ಚುತ್ತವೆ. ತೆಳ್ಳನೆಯ ನಳಿಗೆ ಬೇಗ ಕಾಯುತ್ತದೆ ಕೂಡ. ಬೇಟೆಗಾರನಿಗೆ ಮೊದಲ ಈಡೇ ಮುಖ್ಯವಾದುದರಿಂದ ಇದು ಅವನಿಗೆ ಅಷ್ಟು ಬಾಧಿಸದು. ಸೈನಿಕನ ಮಾತು ಬೇರೆ.

ಸೈನಿಕರು ಇದನ್ನು ಅನುಭವಿಸಿಯೇ ಕಲಿತರು. ಎರಡನೆಯ ಮಹಾಯುದ್ಧದಲ್ಲಿ ದಟ್ಟ ಕಾಡುಗಳ ಕಾಳಗಕ್ಕೆಂದು ಬ್ರಿಟಿಷರು .303 ಲೀ-ಎನ್‌ಫೀಲ್ಡ್ ರೈಫಲನ್ನು ಗಿಡ್ಡಗೊಳಿಸಿ, ಅಲ್ಲಲ್ಲಿ ಲೋಹವನ್ನು ಕೆರೆದು, ಸುಮಾರು 4.1ರಿಂದ 3.2 ಕಿಲೋಗ್ರಾಮಿಗೆ ಇಳಿಸಿದರು. 1944ರಿಂದ ತಯಾರಾದ ಇದಕ್ಕೆ 'ಜಂಗಲ್ ಕಾರ್ಬೈನ್' ಎಂಬ ಹೆಸರು ಬಂದಿತು. ಹೊರುವುದಕ್ಕೆ ಸುಖ; ಆದರೆ ಒದೆತ ಎಷ್ಟು ತೀವ್ರವೆಂದರೆ ಹಿಡಿಯ ತುದಿಗೆ ರಬ್ಬರಿನ ದಿಂಬು ಹಾಕಬೇಕಾಯಿತು. ಹೊಂದಿಸಿದ ಗುರಿ ಸ್ಥಿರವಾಗಿ ನಿಲ್ಲದೆ ಅಲೆಯುತ್ತದೆಂಬ ದೂರೂ ಬಂದಿತು. ಅದರ ಕಾರಣದ ವಿಷಯದಲ್ಲಿ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. 1947ರ ಹೊತ್ತಿಗೆ ತಯಾರಿಕೆ ನಿಂತಿತು.

ಜಾಂಬೋಟಿಯ ಹಿರಿಯರು ಈ ಲೆಕ್ಕಗಳನ್ನೆಲ್ಲ ಓದಿದವರಲ್ಲ. ಆದರೆ ನಾನು ಪುಸ್ತಕದಲ್ಲಿ ಬಹಳ ತಡವಾಗಿ ಕಂಡ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು: "ಮಾಸ್ತರ, ಮಳಿಗಾಲದಾಗ ಇದರ ಮಾತು ಬ್ಯಾರೆ. ಕಟ್ಟಿಗಿ ಉಬ್ಬತೈತಿ, ನಳಿಗಿ ದೂಡತೈತಿ." ಮರ ತೇವವನ್ನು ಹೀರಿ ಹಿಗ್ಗಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತಿದರೆ ಮೇ ತಿಂಗಳಲ್ಲಿ ಸರಿಯಿದ್ದ ಗುರಿ ಜುಲೈಯಲ್ಲಿ ತಪ್ಪುತ್ತದೆ. ಕಣಕುಂಬಿಯಂಥ ಮಳೆಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಇಂದಿನ ತಯಾರಕರು ನಳಿಗೆಗೂ ಹಿಡಿಗೂ ನಡುವೆ ಕಾಗದ ಹಾಯುವಷ್ಟು ಸಂದು ಬಿಡುವುದೂ, ಮರದ ಬದಲು ನಾರುಗಾಜಿನ ಹಿಡಿ ಮಾಡುವುದೂ ಇದಕ್ಕಾಗಿಯೇ. ನಾರುಗಾಜು ನೀರು ಕುಡಿಯುವುದಿಲ್ಲ, ಮರಕ್ಕಿಂತ ಹಗುರವಾಗಿಯೂ ಮಾಡಬಹುದು; ತೂಕವೂ ಗುರಿಯೂ ಒಟ್ಟಿಗೆ ಸುಧಾರಿಸಿದ ಅಪರೂಪದ ಸಂದರ್ಭವಿದು.

ಆ ಹಿರಿಯರಂಥವರ ತಿಳಿವಳಿಕೆ ಈಗ ವಿರಳವಾಗುತ್ತಿದೆ. ನಿಃಶಸ್ತ್ರೀಕರಣದ ಕಾನೂನನ್ನು ಪ್ರತಿಭಟಿಸಿ 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದು ನಾಶವಾದರು. 1878ರ ಶಸ್ತ್ರ ಕಾನೂನಿನಿಂದ ಬಂದೂಕು ಪರವಾನಿಗೆಯ ವಸ್ತುವಾಯಿತು. ಕೊಡಗು ಮಾತ್ರ ಇದಕ್ಕೆ ಹೊರತು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರ ವರೆಗೆ ಮುಂದುವರಿಸಿತು; ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆಗಳಲ್ಲಿ ಕೋವಿಯ ಗುರಿಗಾರಿಕೆ ಅಲ್ಲಿ ಜೀವಂತವಾಗಿದೆ. ಖಾನಾಪುರದ ಕಡೆಗೆ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯ ಬಾಗಿಲನ್ನು ಮುಚ್ಚಿತು, ಅದು ಸರಿಯೂ ಹೌದು. 2011ರಲ್ಲಿ ಭೀಮಗಡದ ಕಾಡು ವನ್ಯಧಾಮವಾಯಿತು. ಹಳೆಯ ಬಂದೂಕುಗಳಿಗೆ ಈಗ ಮನೆಯಲ್ಲಿ ಕೆಲಸವಿಲ್ಲ. ಪರವಾನಿಗೆ ಹೊಂದಿದ ಹಿರಿಯರು ತೀರಿಕೊಂಡಾಗ ಎಷ್ಟೋ ಬಂದೂಕುಗಳು ಠಾಣೆ ಸೇರುತ್ತವೆ. ಅವು ಎಷ್ಟು ಉದ್ದವಿದ್ದವು, ಯಾವ ಕುಲುಮೆಯಲ್ಲಿ ಹುಟ್ಟಿದವು ಎಂಬುದು ಅಲ್ಲಿಗೆ ಅಳಿಸಿಹೋಗುತ್ತದೆ.

ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ವೀರಗಲ್ಲಿನ ಅಳತೆಯನ್ನು ತಪ್ಪದೆ ಬರೆದುಕೊಳ್ಳುತ್ತಾರೆ. ಪರವಾನಿಗೆಯುಳ್ಳ ಹಳೆಯ ಬಂದೂಕು ಕಂಡಲ್ಲಿ, ಅದರ ಒಡೆಯರ ಅನುಮತಿಯಿಂದ, ಖಾಲಿಯಿದೆಯೆಂಬುದನ್ನು ಅವರಿಂದಲೇ ಖಚಿತಪಡಿಸಿಕೊಂಡು, ನಳಿಗೆಯ ಉದ್ದ, ಬಾಯಗಲ, ಒಟ್ಟು ತೂಕ ಮತ್ತು ಬೆರಳಿನ ಮೇಲೆ ಸಮತೂಗುವ ಸ್ಥಳ ಇವಿಷ್ಟನ್ನು ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ನಾವು ಅಂದು ಅಳೆಯಲಿಲ್ಲ. ಜೊತೆಯಲ್ಲಿ ತಕ್ಕಡಿ ಇರಲಿಲ್ಲ. ಮರುವರ್ಷ ಹೋಗುವಷ್ಟರಲ್ಲಿ ಆ ಹಿರಿಯರು ಇರಲಿಲ್ಲ, ಗೋಡೆಯ ಗೂಟದಲ್ಲಿ ಬಂದೂಕೂ ಇರಲಿಲ್ಲ.