ಹೆರಿಗೆಯಾದ ಮೇಲೆ ಗಂಡ ಹೆಂಡತಿ

ಕಲಿಕಾ ಕೇಂದ್ರದಲ್ಲಿ ಪಾಠ ಮುಗಿಯಿತು. ಎಲ್ಲರೂ ಹೊರಟರು. ಒಬ್ಬ ತಂಗಿ ಮಾತ್ರ ಹಿಂದೆ ಉಳಿದಳು. ಮಡಿಲಲ್ಲಿ ಒಂದು ತಿಂಗಳ ಕೂಸು. ಮೆಲ್ಲಗೆ ಕೇಳಿದಳು: "ಅಕ್ಕಾ, ಅವರು ಹತ್ರ ಬರ್ತಾರೆ. ನನಗೆ ಭಯ. ಎಷ್ಟು ದಿನ ಬಿಡಬೇಕು?"

ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗಂಡಸರೂ ಇದನ್ನು ಓದಿ.

ಮೊದಲು ಈ ಪ್ರಶ್ನೆ ಅಷ್ಟಾಗಿ ಬರುತ್ತಿರಲಿಲ್ಲ. ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಗಂಡ ಬಂದು ಮಗು ನೋಡಿಕೊಂಡು ಹೋಗುತ್ತಿದ್ದ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹೆಂಗಸಿನ ಮೈಗೆ ಬಿಡುವು ಸಿಗುತ್ತಿತ್ತು. ಈಗ ಎಷ್ಟೋ ಜನರಿಗೆ ಹೊಸೂರಿನ ಸಿಪ್‌ಕಾಟ್ ಕಂಪನಿಗಳಲ್ಲಿ ಕೆಲಸ. ಒಂದೇ ರೂಮಿನ ಬಾಡಿಗೆ ಮನೆ. ಅಮ್ಮ ಬಂದು ಸ್ವಲ್ಪ ದಿನ ಇದ್ದು ಹೋಗುತ್ತಾರೆ. ಆಮೇಲೆ ಗಂಡ, ಹೆಂಡತಿ, ಕೂಸು ಅಷ್ಟೇ.

ಹೆರಿಗೆಯಲ್ಲಿ ಮಾಸು, ಅಂದರೆ ಕಸ, ಬಿಟ್ಟು ಬರುತ್ತದಲ್ಲ, ಆ ಜಾಗ ಗರ್ಭಕೋಶದೊಳಗೆ ಹಸಿ ಗಾಯದಂತೆ ಇರುತ್ತದೆ. ಅದು ಮಾಯಬೇಕು. ನಾಲ್ಕರಿಂದ ಆರು ವಾರ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತದೆ. ಗರ್ಭಕೋಶ ಮೊದಲಿನಂತೆ ಆಗಲು ಸುಮಾರು ಆರು ವಾರ ಬೇಕು. ಅದಕ್ಕೂ ಮೊದಲೇ ಕೂಡಿದರೆ ನೋವಾಗಬಹುದು, ನಂಜಾಗಬಹುದು. ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಆರು ವಾರ ಬಿಡಿ ಅನ್ನುತ್ತಾರೆ. ಹೊಲಿಗೆ ಹಾಕಿದ್ದರೆ, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು.

ಆರು ವಾರ ಆಯ್ತಲ್ಲ, ಇನ್ನೇನು ಅಂತ ಒತ್ತಾಯ ಮಾಡಬಾರದು. ಹೆಂಡತಿಗೂ ಮನಸ್ಸು ಬರಬೇಕು. ರಾತ್ರಿಯೆಲ್ಲ ಮಗು ಅಳುತ್ತೆ, ನಿದ್ದೆ ಇಲ್ಲ. ಹಾಲು ಕುಡಿಸುವಾಗ ಹೆಂಗಸಿನ ಆ ಜಾಗ ಒಣಗಿದಂತೆ ಇರುತ್ತದೆ, ಅದರಿಂದಲೂ ನೋವು. ಗಂಡನಿಗೆ ಇದು ಗೊತ್ತಿರುವುದಿಲ್ಲ. "ಮಗು ಬಂದಮೇಲೆ ನಾನು ಬೇಡವಾದೆ" ಅಂದುಕೊಳ್ಳುತ್ತಾನೆ. ಅವಳು ಹೇಳಲು ಹೆದರುತ್ತಾಳೆ. ಇಬ್ಬರೂ ಮುಖ ತಿರುಗಿಸಿ ಮಲಗುತ್ತಾರೆ. "ಈಗ ನೋವು, ನೀವು ಬೇಡ ಅಂತಲ್ಲ" ಎಂದು ಅವಳು ಒಂದು ಮಾತು ಹೇಳಿದರೆ ಅರ್ಧ ಜಗಳ ಇರುವುದಿಲ್ಲ. ಶಿಫ್ಟು ಮುಗಿಸಿ ಬಂದ ಗಂಡ ಒಂದು ಗಂಟೆ ಮಗು ಎತ್ತಿಕೊಂಡರೆ ಅವಳು ಮಲಗಬಹುದು. ಪಕ್ಕದಲ್ಲಿ ಕೂತು ತಲೆ ಸವರಿದರೂ ಅದು ಪ್ರೀತಿಯೇ ತಾನೆ? ಗಂಡನ ಜೊತೆ ಸೇರಿದರೆ ಎದೆಹಾಲು ಕೆಡುತ್ತೆ ಅನ್ನುವುದು ಮಾತ್ರ ಸುಳ್ಳು.

ಇನ್ನೊಂದು ಮಾತು ಇದೆ. "ಹಾಲು ಕುಡಿಸೋವರೆಗೂ ಬಸಿರು ನಿಲ್ಲಲ್ಲ." ಇದು ಅರ್ಧ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಮತ್ತೆ ಶುರುವಾಗಿರಬಾರದು. ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡುತ್ತಿರಬೇಕು. ಮೂರೂ ಇದ್ದರೆ ಬಸಿರಾಗುವುದು ಬಹಳ ಕಡಿಮೆ. ಒಂದು ತಪ್ಪಿದರೂ ಇದನ್ನು ನಂಬಬೇಡಿ. ಮುಟ್ಟು ಬರುವ ಮೊದಲೇ ಬಸಿರಾಗಬಹುದು! "ಮುಟ್ಟೇ ಆಗಿಲ್ಲ, ಹೇಗೆ ನಿಂತಿತು?" ಎಂದು ಅಳುವವರು ಇದ್ದಾರೆ.

ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಕಳೆದು ಮತ್ತೆ ಬಸಿರಾಗುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಗ ಬಸಿರಾದರೆ ತಾಯಿಗೆ ರಕ್ತ ಕಡಿಮೆಯಾಗುತ್ತದೆ, ಮಗು ದಿನ ತುಂಬದೆ ಹುಟ್ಟಬಹುದು. ಹಾಗಾಗಿ ಕೂಡುವ ಮೊದಲೇ ನರ್ಸಮ್ಮನನ್ನು ಕೇಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಿರೋಧ್ ಪುಕ್ಕಟೆ. ಕಾಪರ್-ಟಿ ಅನ್ನು ಹೆರಿಗೆಯಾದ 48 ಗಂಟೆಯೊಳಗೆ ಹಾಕುತ್ತಾರೆ, ಇಲ್ಲದಿದ್ದರೆ ಆರು ವಾರದ ಮೇಲೆ. ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರ' ಇಂಜೆಕ್ಷನ್ನೂ ಇದೆ. ಅದೂ ಹಾಲು ಕುಡಿಸುವವರಿಗೆ ಆರು ವಾರದ ಮೇಲೆ. ಮೆಡಿಕಲ್ ಶಾಪಿನಲ್ಲಿ ಯಾವುದೋ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳನ್ನು ಹಾಲು ಕುಡಿಸುವ ತಾಯಿ ಆರು ತಿಂಗಳವರೆಗೆ ತಗೋಬಾರದು.

ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ರಕ್ತ ಜಾಸ್ತಿ ಹೋದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಎರಡು ವಾರ ಕಳೆದರೂ ಬರೀ ಅಳು, ಮಗುವನ್ನು ಕಂಡರೂ ಬೇಸರ ಅನ್ನುವ ಹಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಮನಸ್ಸಿನ ಕಷ್ಟಕ್ಕೆ 14416 ಎಂಬ ಸರ್ಕಾರಿ ಫೋನ್ ಇದೆ, ದುಡ್ಡಿಲ್ಲ.

ಆ ತಂಗಿ ಮುಂದಿನ ವಾರ ಬಂದಾಗ ಕೇಳಿದೆ, ಹೇಳಿದೆಯಾ ಅಂತ. "ನಾನು ಹೇಳಲಿಲ್ಲ ಅಕ್ಕಾ, ನೀವು ಬರೆದುಕೊಟ್ಟ ಚೀಟಿ ಅವರ ಕೈಗೆ ಕೊಟ್ಟೆ" ಅಂದಳು. ಅವನು ಎರಡು ಸಲ ಓದಿದನಂತೆ.