ಎತ್ತರದ ನಾಡಿಗೆ ಪ್ರವಾಸ: ಲಡಾಖ್ ಯಾತ್ರೆಯಲ್ಲಿ ದಿನಗಳ ಲೆಕ್ಕ ಮತ್ತು ಹಣದ ಲೆಕ್ಕ

ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಏರಿ ಬರುವ ಸರಕು ರೈಲನ್ನು ನಮ್ಮ ಭಾಗದ ವ್ಯಾಪಾರಸ್ಥರು ನೋಡದೆ ಇರಲಾರರು. 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವ ಆ ಬ್ರಗಾಂಜಾ ಘಟ್ಟದಲ್ಲಿ ರೈಲಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಿ, ಆಮೆಯ ವೇಗದಲ್ಲಿ ತಳ್ಳಿಕೊಂಡು ಮೇಲೆ ತರುತ್ತಾರೆ. ಇಷ್ಟೆಲ್ಲ ಏರ್ಪಾಡಿನಿಂದ ರೈಲು ಏರುವುದು ಸುಮಾರು ಐನೂರು ಮೀಟರ್ ಮಾತ್ರ. ಓದುಗರು ಈ ಐನೂರು ಮೀಟರನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಮುಂದೆ ಇದರ ಅಗತ್ಯ ಬೀಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸಂಘದ ಸದಸ್ಯರನೇಕರು ಕುಟುಂಬ ಸಮೇತರಾಗಿ ಲಡಾಖ್ ಪ್ರವಾಸಕ್ಕೆ ಹೊರಡುತ್ತಿದ್ದಾರೆ. ರಿಟರ್ನ್ ಸಲ್ಲಿಸಲು ನನ್ನ ಕಚೇರಿಗೆ ಬಂದವರು ಮಾತಿನ ನಡುವೆ "ಸಾಹೇಬರೇ, ಎಷ್ಟು ಖರ್ಚಾಗುತ್ತದೆ? ಅಂಗಡಿ ಖಾತೆಗೆ ಹಾಕಬಹುದೇ?" ಎಂದು ಕೇಳುವುದುಂಟು. ಎರಡೂ ಪ್ರಶ್ನೆಗಳಿಗೆ ಈ ಲೇಖನದಲ್ಲಿ ಉತ್ತರವಿದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಎಷ್ಟು ದಿನ? 2019ರ ಜೂನ್‌ನಲ್ಲಿ ಈ ಪ್ರಶ್ನೆಗೆ ನಾನೇ ತಪ್ಪು ಉತ್ತರ ಕೊಟ್ಟಿದ್ದೆ. ಅದರ ಪರಿಣಾಮವನ್ನು ಕಣ್ಣಾರೆ ಕಂಡಿದ್ದರಿಂದ ಇದನ್ನು ಬರೆಯುವ ಹೊಣೆ ನನ್ನದೆಂದು ಭಾವಿಸಿದ್ದೇನೆ.

ಅಂದು ನಾವು ಒಂಬತ್ತು ಜನ ಹೊರಟಿದ್ದೆವು. ಪ್ರವಾಸ ಸಂಸ್ಥೆಯವರು ಕಳಿಸಿದ ಕರಡು ಕಾರ್ಯಕ್ರಮದಲ್ಲಿ ವಿಮಾನದಿಂದ ಲೇಹ್‌ಗೆ ಇಳಿದ ದಿನವಲ್ಲದೆ ಮರುದಿನವೂ "ವಿಶ್ರಾಂತಿ" ಎಂದು ಬರೆದಿತ್ತು. ನೋಡುವುದೇನೂ ಇಲ್ಲದ ದಿನಕ್ಕೆ ಐದು ಕೊಠಡಿಗಳ ಬಾಡಿಗೆ ಮತ್ತು ಊಟ ಸೇರಿ ಹದಿನೈದು ಸಾವಿರ ರೂಪಾಯಿ! ಆಯವ್ಯಯ ಪಟ್ಟಿ ತಯಾರಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತ್ತು. ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿದವನು ನಾನೇ. ಸಂಸ್ಥೆಯವರು ಒಂದು ಮಾತೂ ಆಡದೆ ಒಪ್ಪಿಕೊಂಡರು.

ಮೊದಲ ರಾತ್ರಿ ಲೇಹ್, ಎರಡನೆಯ ರಾತ್ರಿ ನುಬ್ರಾ ಕಣಿವೆ, ಮೂರನೆಯ ರಾತ್ರಿ ಪ್ಯಾಂಗಾಂಗ್ ಸರೋವರದ ದಂಡೆ. ನಮ್ಮೊಂದಿಗಿದ್ದ ಐವತ್ತೆಂಟು ವರ್ಷದ ಕಿರಾಣಿ ಸಗಟು ವ್ಯಾಪಾರಿಯೊಬ್ಬರಿಗೆ ನುಬ್ರಾದಲ್ಲಿಯೇ ತಲೆನೋವು ಆರಂಭವಾಗಿತ್ತು. ಎಲ್ಲರ ಸಂತೋಷಕ್ಕೆ ಭಂಗ ತರಬಾರದೆಂದು ಅವರು ನೋವಿನ ಮಾತ್ರೆ ನುಂಗಿ ಸುಮ್ಮನಿದ್ದರು. ಪ್ಯಾಂಗಾಂಗ್‌ನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಕೆಮ್ಮು ಹೆಚ್ಚಾಯಿತು. ಮಲಗಿದರೆ ಉಸಿರು ಹಿಡಿಯುತ್ತದೆಂದು ಎದ್ದು ಕುಳಿತರು. ಸ್ವಲ್ಪ ಹೊತ್ತಿನಲ್ಲಿ ತುಟಿ ನೀಲಿಯಾಗತೊಡಗಿತು. ಬೆಳಗಾಗಲೆಂದು ನಾವು ಮಾತನಾಡಿಕೊಳ್ಳುತ್ತಿದ್ದಾಗ, ಲೇಹ್‌ನವನಾದ ನಮ್ಮ ಚಾಲಕ ಕೇಳಲಿಲ್ಲ. ಗಾಡಿ ಹೊರಡಿಸಿಯೇ ಬಿಟ್ಟ. ತಾಂಗ್ಸೆಯ ಆರೋಗ್ಯ ಕೇಂದ್ರದಲ್ಲಿ ಆಮ್ಲಜನಕ ಹಾಕಿದರು. ಬೆಳಗ್ಗೆ ಲೇಹ್‌ನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನೂ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು ವೈದ್ಯರು. ನಾಲ್ಕು ದಿನ ಅಲ್ಲಿದ್ದು ಅವರು ಗುಣವಾದರು. ಬದಲಾದ ವಿಮಾನ ಟಿಕೇಟು, ಹೆಚ್ಚುವರಿ ವಸತಿ, ಅವರ ಮಗ ಧಾವಿಸಿ ಬಂದ ಖರ್ಚು ಎಲ್ಲವನ್ನೂ ಕೂಡಿಸಿದಾಗ ಒಂದೂವರೆ ಲಕ್ಷ ದಾಟಿತ್ತು. ಅವರ ಪತ್ನಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಇದು ಆಕಸ್ಮಿಕವಲ್ಲ, ಕಾರಣ ತಿಳಿದಿರುವ ಸಂಗತಿ. ಕ್ಯಾಸಲ್‌ರಾಕ್ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಅಂದರೆ ರಾಜ್ಯದೊಳಗೆ ಎಲ್ಲಿ ತಿರುಗಿದರೂ ನಮ್ಮ ದೇಹಕ್ಕೆ ಎತ್ತರದ ಅನುಭವ ದೊರೆಯುವುದಿಲ್ಲ. ಲೇಹ್ ಪಟ್ಟಣವಿರುವುದು ಸುಮಾರು 3,500 ಮೀಟರ್‌ನಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ಖಾರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾವಾರು ಅದೇ ಆಗಿದ್ದರೂ, ಒತ್ತಡ ಕುಗ್ಗಿದ್ದರಿಂದ ಒಂದೊಂದು ಉಸಿರಿಗೂ ದೊರೆಯುವುದು ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ದಿನಗಳನ್ನು ತೆಗೆದುಕೊಳ್ಳುತ್ತದೆ. ಯುವಕ, ವ್ಯಾಯಾಮ ಮಾಡುವವ, ತಂಬಾಕು ಮುಟ್ಟದವ ಎಂಬ ಯಾವ ರಿಯಾಯಿತಿಯೂ ಇಲ್ಲಿಲ್ಲ.

(ಪ್ರಾಸಂಗಿಕವಾಗಿ ಒಂದು ಮಾತು. ಖಾರ್ದುಂಗ್ ಲಾದ ಫಲಕದ ಮೇಲೆ ಬಹುಕಾಲ 18,380 ಅಡಿ, ಅಂದರೆ 5,602 ಮೀಟರ್ ಎಂದು ಬರೆದಿತ್ತು. ನಿಖರವಾಗಿ ಅಳೆದಾಗ ಸಿಕ್ಕಿದ್ದು 5,359 ಮೀಟರ್. ದಾಸ್ತಾನು ಪುಸ್ತಕಕ್ಕೂ ಗೋದಾಮಿನಲ್ಲಿರುವ ಸರಕಿಗೂ ಇಷ್ಟು ಅಂತರ ಕಂಡುಬಂದಿದ್ದರೆ ಯಾವ ಲೆಕ್ಕ ಪರಿಶೋಧಕನೂ ಸಹಿ ಹಾಕುತ್ತಿರಲಿಲ್ಲ.)

ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ ಹೀಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಮೇಲೇರದೆ ತಂಗಬೇಕು. ಒಂದು ರಾತ್ರಿಗೆ ಒಂದು ಬ್ರಗಾಂಜಾ ಘಟ್ಟ ಎಂದು ಇಟ್ಟುಕೊಂಡರೆ ನಮ್ಮವರಿಗೆ ಮರೆಯುವುದಿಲ್ಲ. ಹಗಲಿನಲ್ಲಿ ಎತ್ತರದ ಕಣಿವೆಮಾರ್ಗ ದಾಟಿ ಮತ್ತೆ ಕೆಳಗಿಳಿದು ಮಲಗುವುದರಲ್ಲಿ ಅಷ್ಟು ಅಪಾಯವಿಲ್ಲ. ಲೆಕ್ಕಕ್ಕೆ ಬರುವುದು ದಿಂಬಿನ ಎತ್ತರ. ವಿಮಾನದಲ್ಲಿ ಹೋಗುವವರು ದೆಹಲಿಯಿಂದ ಒಂದೂವರೆ ತಾಸಿನೊಳಗೆ ಆರು ಘಟ್ಟಗಳನ್ನು ಒಮ್ಮೆಲೇ ಏರಿಬಿಡುತ್ತಾರೆ. ಆದ್ದರಿಂದಲೇ ಲೇಹ್‌ನಲ್ಲಿ ಮೊದಲ ಎರಡು ದಿನ ಏನೂ ಮಾಡದೆ ಇರುವುದು ಕಡ್ಡಾಯ. ಆ ಹದಿನೈದು ಸಾವಿರವನ್ನು ವ್ಯರ್ಥ ಖರ್ಚೆಂದು ತಿಳಿಯದೆ ವಿಮಾ ಕಂತೆಂದು ತಿಳಿಯತಕ್ಕದ್ದು.

ಇನ್ನೊಂದು ಸೂಕ್ಷ್ಮವನ್ನು ಪ್ರವಾಸದ ಕರಪತ್ರಗಳು ಹೇಳುವುದಿಲ್ಲ. ಎತ್ತರದ ಕಾಯಿಲೆಗೆ ಮೂಲ ಚಿಕಿತ್ಸೆ ಕೆಳಗಿಳಿಯುವುದು. ಆದರೆ ಪ್ಯಾಂಗಾಂಗ್‌ನಿಂದ (ಸುಮಾರು 4,250 ಮೀಟರ್) ಲೇಹ್‌ಗೆ ಬರಬೇಕಾದರೆ 5,300 ಮೀಟರ್ ಮೀರಿದ ಚಾಂಗ್ ಲಾ ದಾಟಬೇಕು. ನುಬ್ರಾದಿಂದ ಬರಬೇಕಾದರೆ ಖಾರ್ದುಂಗ್ ಲಾ. ಅಂದರೆ ಇಳಿಯಲು ಮೊದಲು ಹತ್ತಬೇಕು! ಅಂದು ರಾತ್ರಿ ನಮ್ಮ ಚಾಲಕ ನೇರವಾಗಿ ಲೇಹ್‌ಗೆ ಓಡಿಸದೆ, ಕಣಿವೆಮಾರ್ಗಕ್ಕಿಂತ ಈಚೆಗೆ, ಸರೋವರಕ್ಕಿಂತ ತಗ್ಗಿನಲ್ಲಿರುವ ತಾಂಗ್ಸೆಯಲ್ಲಿ ನಿಲ್ಲಿಸಿದ್ದರ ಅರ್ಥ ನನಗೆ ಆಮೇಲೆ ತಿಳಿಯಿತು. ಆದುದರಿಂದ ಪ್ಯಾಂಗಾಂಗ್ ವಾಸ್ತವ್ಯವನ್ನು ಪ್ರವಾಸದ ಕೊನೆಯ ಭಾಗಕ್ಕೆ ಇಡಬೇಕು. ಹಿಂದಿನ ದಿನ ಯಾರಿಗಾದರೂ ತಲೆನೋವು, ವಾಕರಿಕೆ ಇದ್ದರೆ ಆ ಭಾಗವನ್ನು ಕೈಬಿಡಬೇಕು. ಮುಂಗಡ ಕೊಟ್ಟ ಡೇರೆಯ ಬಾಡಿಗೆ ಹೋದರೆ ಹೋಗಲಿ.

ನನ್ನ ಅಭಿಪ್ರಾಯದಲ್ಲಿ ಯೋಗ್ಯವಾದ ಕ್ರಮ ಹೀಗಿರಬೇಕು. ಎರಡು ದಿನ ಲೇಹ್‌ನಲ್ಲಿ ವಿಶ್ರಾಂತಿ. ಮೂರನೆಯ ದಿನ ಸಿಂಧು ನದಿಯ ಗುಂಟ ಕೆಳಗೆ ನಿಮ್ಮು ಸಂಗಮ, ಲಿಕಿರ್ ಮತ್ತು ಆಲ್ಚಿ ಮಠಗಳಿಗೆ ಹೋಗಿ ಬರುವುದು. ನಾಲ್ಕು ಮತ್ತು ಐದನೆಯ ರಾತ್ರಿ ನುಬ್ರಾ. ಅಲ್ಲಿನ ದಿಸ್ಕಿತ್ ಗ್ರಾಮ ಲೇಹ್‌ಗಿಂತಲೂ ತಗ್ಗಿನಲ್ಲಿರುವುದರಿಂದ ದೇಹಕ್ಕೆ ಬಿಡುವು ದೊರೆಯುತ್ತದೆ. ಆರನೆಯ ದಿನ ಶ್ಯೋಕ್ ನದಿಯ ಮಾರ್ಗವಾಗಿ ಪ್ಯಾಂಗಾಂಗ್, ಏಳನೆಯ ದಿನ ಲೇಹ್. ಅನಂತರ ಒಂದು ದಿನ ಕೈಯಲ್ಲಿ ಖಾಲಿ ಇರಬೇಕು.

ರಸ್ತೆ ಮಾರ್ಗ ಇಷ್ಟಪಡುವವರಿಗೆ ಶ್ರೀನಗರದ ದಾರಿ ಹೆಚ್ಚು ಹಿತ. ಶ್ರೀನಗರ 1,600 ಮೀಟರ್, ಸೋನಾಮಾರ್ಗ್ 2,700, ಕಾರ್ಗಿಲ್ ಸಹ ಅಷ್ಟೇ, ಅನಂತರ ಲೇಹ್. ಸೋನಾಮಾರ್ಗ್‌ಗೆ ಮುಟ್ಟಿಸುವ ಆರೂವರೆ ಕಿಲೋಮೀಟರ್ ಸುರಂಗ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಮನಾಲಿಯ ದಾರಿಗೆ 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಏರುವುದು ತಪ್ಪಿದೆಯಾದರೂ, ನಡುವೆ 4,200 ಮೀಟರ್ ಮೀರಿದ ಸರ್ಚುವಿನಲ್ಲಿ ಮಲಗಬೇಕಾಗಿ ಬರುವುದು ಅದರ ದೋಷ. ಹೋಗುವಾಗ ಶ್ರೀನಗರ, ಬರುವಾಗ ಮನಾಲಿ ಎಂಬ ಕ್ರಮ ಉತ್ತಮ.

ರಕ್ತದೊತ್ತಡ, ಹೃದಯ, ಶ್ವಾಸಕೋಶದ ತೊಂದರೆಯುಳ್ಳವರು ಟಿಕೇಟು ಕಾಯ್ದಿರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಹೊರಡುವ ಹಿಂದಿನ ದಿನದಿಂದ ಕೊಡುವುದುಂಟು. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ಮೊದಲ ದಿನಗಳಲ್ಲಿ ಮದ್ಯ ಮತ್ತು ನಿದ್ರೆಮಾತ್ರೆ ವರ್ಜ್ಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲಿದೆ. ಲೇಹ್‌ನಲ್ಲಿ ಅದು ಆರೋಗ್ಯವಂತರಿಗೂ 90ಕ್ಕಿಂತ ಕಡಿಮೆ ತೋರಿಸುವುದುಂಟು. ಅಂಕಿಗಿಂತ ಲಕ್ಷಣ ಮುಖ್ಯ. ಕುಳಿತಲ್ಲಿಯೇ ಏದುಸಿರು, ನಡೆಯುವಾಗ ತೂರಾಟ, ಅಸಂಬದ್ಧ ಮಾತು ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಕಾಲದ ವಿಷಯದಲ್ಲಿ ನಾವು ಅದೃಷ್ಟವಂತರು. ಜೋಯಿಡಾ, ಕ್ಯಾಸಲ್‌ರಾಕ್ ಕಡೆ ಮಳೆ ಹಿಡಿದು ವ್ಯಾಪಾರ ಮಂದವಾಗುವ ಜೂನ್–ಜುಲೈ ತಿಂಗಳುಗಳೇ ಲಡಾಖ್‌ಗೆ ಪ್ರಶಸ್ತ. ಲೇಹ್‌ನ ವರ್ಷದ ಮಳೆ ಸುಮಾರು 100 ಮಿಲಿಮೀಟರ್. ಕ್ಯಾಸಲ್‌ರಾಕ್‌ನಲ್ಲಿ ಅದನ್ನು ಒಂದೇ ದಿನದಲ್ಲಿ ಸುರಿದ ಉದಾಹರಣೆಗಳು ಬೇಕಷ್ಟಿವೆ. (ಅಪವಾದವೂ ಉಂಟು. 2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟವಾಗಿ ಲೇಹ್‌ನಲ್ಲಿ ಅಪಾರ ಪ್ರಾಣಹಾನಿಯಾಯಿತು.) ಮಾಸಿಕ ರಿಟರ್ನ್ ಸಲ್ಲಿಸುವವರು 20ನೆಯ ತಾರೀಖಿಗೆ 3ಬಿ ಮುಗಿಸಿದರೆ ಮುಂದಿನ ತಿಂಗಳ 11ರವರೆಗೆ ಇಪ್ಪತ್ತು ದಿನಗಳ ಅವಕಾಶ ದೊರೆಯುತ್ತದೆ. ಜೂನ್ 15ರ ಮುಂಗಡ ತೆರಿಗೆಯನ್ನೂ ಕಟ್ಟಿಯೇ ಹೊರಡಬಹುದು. ಒಂದು ಎಚ್ಚರಿಕೆ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಜಿ.ಎಸ್.ಟಿ. ಹಾಗೂ ಬ್ಯಾಂಕಿನ ಓ.ಟಿ.ಪಿ. ಯಜಮಾನರ ಪ್ರೀಪೇಯ್ಡ್ ಸಂಖ್ಯೆಗೆ ಬರುವಂತಿದ್ದರೆ ಹತ್ತು ದಿನ ಅಂಗಡಿಯ ಪಾವತಿಗಳೆಲ್ಲ ನಿಂತುಹೋಗುತ್ತವೆ. ಜಾಲ ಸಿಗದ ಕಡೆ ಯು.ಪಿ.ಐ. ನಡೆಯದು. ಲೇಹ್ ಬಿಡುವಾಗ ನಗದು ಇಟ್ಟುಕೊಳ್ಳುವುದು ಲೇಸು.

ಈಗ ಖಾತೆಯ ಪ್ರಶ್ನೆ. ಸ್ವಂತ ಪ್ರವಾಸದ ಖರ್ಚು ವ್ಯಾಪಾರದ ಖರ್ಚಲ್ಲ, ಅದು ಡ್ರಾಯಿಂಗ್ಸ್. 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮು ಸಂಪೂರ್ಣವಾಗಿ ವ್ಯಾಪಾರಕ್ಕೆಂದೇ ಮಾಡಿದ, ವೈಯಕ್ತಿಕವಲ್ಲದ ಖರ್ಚನ್ನು ಮಾತ್ರ ಒಪ್ಪುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆಂದು ರಚಿತವಾದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ತತ್ವ ಅದೇ. "ಲುಧಿಯಾನದಲ್ಲಿ ಉಣ್ಣೆ ಬಟ್ಟೆಯ ದರ ವಿಚಾರಿಸಿದೆ" ಎಂದು ಒಂದು ರಸೀದಿ ಇಟ್ಟುಕೊಂಡ ಮಾತ್ರಕ್ಕೆ ಕುಟುಂಬದ ಪ್ರವಾಸ ವ್ಯಾಪಾರದ ಪ್ರವಾಸವಾಗುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಸಂಬಳ ಪಡೆಯುವ ನಿರ್ದೇಶಕರು ಹಾಗೂ ನೌಕರರಿಗೆ ರಜಾ ಪ್ರವಾಸ ಭತ್ಯೆಯ ವಿನಾಯಿತಿ ಇದೆ. ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಬಾರಿ, ಪ್ರಯಾಣ ದರಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ಏಕವ್ಯಕ್ತಿ ಮಾಲೀಕರಿಗೆ ಮತ್ತು ಪಾಲುದಾರರಿಗೆ ಇಲ್ಲ. ಪ್ರವಾಸ ಸಂಸ್ಥೆಯು ಶೇ. 5ರಂತೆ ವಿಧಿಸುವ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯೆಂದು ಪಡೆಯಲು ಹೋಗಬಾರದು. ನೌಕರರ ರಜಾ ಪ್ರವಾಸದ ಮೇಲಿನ ಜಮೆಗೆ 17(5) ಕಲಮಿನ ತಡೆಯಿದೆ.

ಸಿಮೆಂಟ್, ಬಣ್ಣ, ಟೈರ್ ಕಂಪನಿಗಳು ಗುರಿ ಮುಟ್ಟಿದ ಡೀಲರುಗಳನ್ನು ಪ್ರವಾಸಕ್ಕೆ ಕಳಿಸುವುದು ವಾಡಿಕೆ. ಅದು ಪುಕ್ಕಟೆಯೆಂಬ ಭ್ರಮೆ ಬೇಡ. 2022ರ ಜುಲೈ 1ರಿಂದ ವರ್ಷಕ್ಕೆ 20,000 ರೂ. ಮೀರಿದ ಇಂತಹ ಲಾಭಕ್ಕೆ ಕಂಪನಿಯು ಶೇ. 10 ಮೂಲದಲ್ಲಿ ತೆರಿಗೆ ಮುರಿಯಬೇಕು, ಮತ್ತು ಅದರ ಮೌಲ್ಯ ಡೀಲರನ ಆದಾಯಕ್ಕೆ ಸೇರುತ್ತದೆ. ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣಿಸಿಕೊಂಡ ಮೇಲೆ ನನ್ನ ಬಳಿ ಓಡಿ ಬಂದವರಿದ್ದಾರೆ. ಇಂತಹ ಪ್ರವಾಸಗಳ ದಿನಗಳನ್ನು ಕಂಪನಿಯೇ ನಿಗದಿಪಡಿಸುವುದರಿಂದ ವಿಶ್ರಾಂತಿಯ ದಿನ ಇದೆಯೇ ಎಂದು ಡೀಲರನೇ ವಿಚಾರಿಸಿಕೊಳ್ಳಬೇಕು.

ಒಪ್ಪಂದದಲ್ಲಿ ರದ್ದತಿಯ ಷರತ್ತನ್ನು ಓದದೆ ಮುಂಗಡ ಕೊಡಬಾರದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾಯಿತು. ಮೇ ತಿಂಗಳಲ್ಲಿ ಲೇಹ್ ಸಹಿತ ಉತ್ತರದ ಅನೇಕ ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದವು. ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಹಿಂಸಾಚಾರವಾಗಿ ಕರ್ಫ್ಯೂ ಬಂತು. ಪ್ರವಾಸ ವಿಮೆ ಮಾಡಿಸುವಾಗ ಎತ್ತರದ ಕಾಯಿಲೆ ಮತ್ತು ರೋಗಿಯ ಸಾಗಾಟಕ್ಕೆ ರಕ್ಷಣೆ ಇದೆಯೇ ಎಂದು ಲಿಖಿತವಾಗಿ ಕೇಳಿ ತಿಳಿಯಬೇಕು. ಸ್ಥಳೀಯ ತಿರುಗಾಟಕ್ಕೆ ಲೇಹ್‌ನ ಟ್ಯಾಕ್ಸಿ ಸಂಘದ ವಾಹನವನ್ನೇ, ಅವರ ನಿಗದಿತ ದರದಲ್ಲಿ ಹಿಡಿಯುವುದು ಅಲ್ಲಿನ ಪದ್ಧತಿ. ಚೌಕಾಸಿಗೆ ಅವಕಾಶ ಕಡಿಮೆ. ಚಾಲಕನ ಅನುಭವಕ್ಕೆ ತೆರುವ ಬೆಲೆಯೆಂದು ನಾನು ಅದನ್ನು ತಿಳಿಯುತ್ತೇನೆ.

ದಪ್ಪ ಉಣ್ಣೆ ಬಟ್ಟೆಗಾಗಿ ದೂರ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳಲ್ಲಿ ಸ್ವೆಟರ್ ಮಾರುವ ಟಿಬೇಟಿಯನ್ನರಿಂದ ಮೊದಲೇ ಕೊಂಡಿಟ್ಟುಕೊಳ್ಳಬಹುದು. ಮುಂಡಗೋಡದಲ್ಲಿ 1966ರಿಂದ ಅವರ ವಸತಿ ಇದೆ. ಅಲ್ಲಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಲ್ಲಿ ಲಡಾಖ್‌ನ ಭಿಕ್ಷುಗಳೂ ಓದುತ್ತಾರೆ. ತಿಕ್ಸೆ, ಲಿಕಿರ್ ಮಠಗಳೂ ಅದೇ ಗೆಲುಗ್ ಪರಂಪರೆಗೆ ಸೇರಿದವು. ಅಲ್ಲಿ ಮುಂಡಗೋಡದ ಹೆಸರು ಹೇಳಿದರೆ ಬೆಣ್ಣೆ ಚಹಾ ಸಿಗುವುದು ನಿಶ್ಚಿತ.

ಇನ್ನು ಹೋಗಿ ಬರುವ ವ್ಯವಸ್ಥೆ. ಲೋಂಡಾದಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ಎರಡು ರಾತ್ರಿ ಕಳೆದು ನಿಜಾಮುದ್ದೀನ್. ಘಟ್ಟದಲ್ಲಿ ಮಣ್ಣು ಕುಸಿದರೆ ಈ ಗಾಡಿ ತಡವಾಗುತ್ತದೆ ಇಲ್ಲವೆ ರದ್ದಾಗುತ್ತದೆ. ಆದುದರಿಂದ ಹೋಗುವಾಗ ದೆಹಲಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಬೇಕು. ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಹಾರುತ್ತವೆ. ಮಧ್ಯಾಹ್ನ ಗಾಳಿ ಜೋರಾಗುವುದರಿಂದ ಬೆಳಗಿನದು ತಪ್ಪಿದರೆ ಮರುದಿನವೇ. ಹೀಗಾಗಿ ಮರಳಿ ಬರುವ ರೈಲನ್ನು ವಿಮಾನದ ದಿನವೇ ಕಾಯ್ದಿರಿಸಬಾರದು. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ಜೂನ್ 21ಕ್ಕೆ ಹೊರಡಬೇಕೆನ್ನುವವರು ಏಪ್ರಿಲ್ 22ರ ಬೆಳಗ್ಗೆ ಟಿಕೇಟಿಗೆ ಸಿದ್ಧರಿರಬೇಕು.